ತೊಟ್ಟಿಲಿಗೆ ಸೈಕಲ್ ಮೇಲೆ ಹೋದ ಕಸ್ತೂರಕ್ಕ

ಕಸ್ತೂರಕ್ಕ ಸೈಕಲ್ ಹತ್ತಬೇಕಾದರೆ ಒಂದು ಕಲ್ಲು ಬೇಕಾಗುತ್ತಿತ್ತು, ಇಳಿಯಬೇಕಾದರೆ ಒಬ್ಬ ಮನುಷ್ಯ ಬೇಕಾಗುತ್ತಿದ್ದ. ಸೈಕಲ್ಲು ಗಂಡಸರದು, ನಡುವೆ ಅಡ್ಡ ಕೊಳವೆ ಇದ್ದದ್ದು, ಒಳ್ಳೆ ಕುದುರೆಯಷ್ಟು ಎತ್ತರ. ಆಕೆ ನನ್ನ ಭುಜಕ್ಕೆ ಬರುತ್ತಿದ್ದಳು. ಮನೆಯ ಮುಂದಿನ ಫರಸಿ ಕಲ್ಲಿನ ಕಟ್ಟೆಯ ಪಕ್ಕಕ್ಕೆ ಸೈಕಲ್ ತಂದು, ಸೀರೆಯ ಕಚ್ಚೆ ಬಿಗಿದು, ಕಟ್ಟೆಯ ಮೇಲಿಂದ ಕಾಲು ಹಾಯಿಸಿ ಕುಳಿತಳೆಂದರೆ ಮುಂದೆ ಅಡ್ಡಿಯಿಲ್ಲ. ಇಳಿಯುವಾಗ ಮಾತ್ರ ನೆಲ ಕಾಲಿಗೆ ಸಿಗುತ್ತಿರಲಿಲ್ಲ. ಅದಕ್ಕೇ ದೂರದಿಂದಲೇ ಕೂಗು ಹಾಕುತ್ತಿದ್ದಳು: "ಯಾರರೆ ಹಿಡೀರ್ಯೋ!" ಚಿತ್ತಾಪುರದ ಬಜಾರಿನಲ್ಲಿ ಆ ಕೂಗು ಕೇಳಿದ ಕೂಡಲೇ ಯಾರಾದರೂ ಒಬ್ಬರು, ಕ್ಷೌರದ ಅಂಗಡಿಯವನೋ ಪೋಲೀಸನೋ ಗಾಣದ ಮುಂದೆ ಕುಳಿತ ಮುದುಕನೋ, ಎದ್ದು ಬಂದು ಹ್ಯಾಂಡಲ್ ಹಿಡಿಯುತ್ತಿದ್ದರು. ಆಕೆ ಧಪ್ಪೆಂದು ಇಳಿದು, ಸೆರಗು ಸರಿಮಾಡಿಕೊಂಡು, "ಪುಣ್ಯ ಬರ್ತದ ನಿಮಗ" ಅಂದು ತನ್ನ ಕೆಲಸಕ್ಕೆ ಹೋಗುತ್ತಿದ್ದಳು.

ನಮ್ಮದಿನ್ನೂ ಮೈಸೂರು ರಾಜ್ಯವಾಗಿದ್ದ ಕಾಲ. ನಾನು ಚಿತ್ತಾಪುರದ ಹೆಣ್ಣುಮಕ್ಕಳ ಶಾಲೆಗೆ ಹೊಸದಾಗಿ ಶಿಕ್ಷಕಿಯಾಗಿ ಬಂದಿದ್ದೆ. ಒಂಟಿ ಹುಡುಗಿಗೆ ಯಾರೂ ಮನೆ ಕೊಡದಿದ್ದಾಗ ಕಸ್ತೂರಕ್ಕ ತನ್ನ ಮನೆಯ ಹೊರಗಿನ ಕೋಣೆ ಕೊಟ್ಟಳು. ಕೊಡುವ ಮುಂಚೆ ಕೇಳಿದ್ದು ಒಂದೇ ಮಾತು: "ರಾತ್ರಿ ಗೊರಕಿ ಹೊಡೀತೀ ಏನು?" ಇಲ್ಲ ಅಂದೆ. "ನಾ ಹೊಡೀತೀನಿ. ಮೊದಲ ಹೇಳಿಬಿಟ್ಟೀನಿ ನೋಡು, ಆಮ್ಯಾಲೆ ತಕರಾರು ಮಾಡಬ್ಯಾಡ" ಅಂದಳು.

ಆಗ ಆಕೆಗೆ ಮೂವತ್ತೈದರ ಆಸುಪಾಸು. ಗಂಡ ಗುರುಪಾದಪ್ಪ ರಾವೂರಿನ ಕಲ್ಲುಗಣಿಯೊಂದರಲ್ಲಿ ಕಾರಕೂನನಾಗಿದ್ದವನು, ದಿನಾ ಸೈಕಲ್ ಮೇಲೆ ಹೋಗಿ ಬರುತ್ತಿದ್ದವನು. ಜ್ವರ ಬಂದು ಮಲಗಿದವನು ಏಳಲಿಲ್ಲ. ಮಕ್ಕಳಿರಲಿಲ್ಲ. ದಿನಕರ್ಮ ಮುಗಿದ ಮೇಲೆ ಮೈದುನ ಬಂದು ಅಂಗಳದಲ್ಲಿದ್ದ ಸೈಕಲ್ಲಿನ ಮೇಲೆ ಕೈ ಇಟ್ಟು, "ವೈನಿ, ಇದು ನಿಮಗ್ಯಾತಕ್ಕ? ನಾ ಒಯ್ತೀನಿ" ಅಂದನಂತೆ. ಕಸ್ತೂರಕ್ಕ ಒಳಗಿನಿಂದ ಎದ್ದು ಬಂದು ಸೈಕಲ್ಲಿಗೂ ಅವನಿಗೂ ನಡುವೆ ನಿಂತಳು. "ನಿಮ್ಮಣ್ಣ ಬಿಟ್ಟು ಹೋಗಿದ್ದು ಎರಡ. ನಾನು, ಈ ಸೈಕಲ್ಲು. ಎರಡೂ ಮೂಲ್ಯಾಗ ನಿಂತು ತುಕ್ಕು ಹಿಡಿಯೂದು ಬ್ಯಾಡ" ಅಂದಳು. ಮೈದುನನಿಗೆ ಏನು ತಿಳಿಯಿತೋ, ಬರಿಗೈಯಲ್ಲಿ ಹೋದ.

ಆಕೆ ಸೈಕಲ್ ಕಲಿತ ಕಥೆಯನ್ನು ನನಗೆ ಹೇಳಿದವನು ಎದುರಿನ ಸೈಕಲ್ ಅಂಗಡಿಯ ಖಾಸೀಂ ಸಾಬ. "ಕ್ಯಾ ಬೋಲೂಂ ಟೀಚರ್, ಈ ಬಾಯಿಯವರು ಬೀಳದ ಜಾಗಾ ಈ ಊರಾಗ ಇಲ್ಲ. ನನ್ನ ದುಕಾನಿನ ಮ್ಯಾಲೂ ಬಂದು ಬಿದ್ದಾರ. ನಾ ಇಲ್ಲಿಂದ ಬ್ರೇಕ್ ಮಾರೋ, ಬ್ರೇಕ್ ಮಾರೋ ಅಂತ ಒದರಾಕತ್ತಿದ್ದೆ. ಅವರು 'ಬ್ರೇಕ್ ಎಲ್ಲಿರ್ತದ ಅದನ್ನ ಮೊದಲ ಹೇಳೋ' ಅಂತ ಒದರಾಕತ್ತಿದ್ರು." ಊರ ಹುಡುಗರು ಹಿಂದೆ ಓಡಿ ಕೂಗಿದರು. ದೊಡ್ಡವರು ಮುಖ ತಿರುಗಿಸಿದರು. ಗಂಡ ಸತ್ತು ವರ್ಷ ಆಗಿಲ್ಲ, ಇವಳಿಗೇನು ಬಂತು ಅಂದರು. ಆಕೆಗೆ ಮಹಿಳಾ ಮಂಡಳಿಯಲ್ಲಿ ಹೊಲಿಗೆ ಕಲಿಸುವ ಕೆಲಸ ಸಿಕ್ಕು, ಸುತ್ತಲಿನ ಹಳ್ಳಿಗಳಿಗೆ ಸೈಕಲ್ ಮೇಲೆ ಹೋಗಿ ಹುಡುಗಿಯರಿಗೆ ಕುಪ್ಪಸ, ಲಂಗ ಕತ್ತರಿಸುವುದನ್ನು ಹೇಳಿಕೊಡತೊಡಗಿದ ಮೇಲೆ ಅದೇ ಮಂದಿ ಸುಮ್ಮನಾದರು. ತಮ್ಮ ಮಗಳಿಗೂ ಕಲಿಸಿ ಅಂದರು.

ನನಗೂ ಆಕೆಯೇ ಕಲಿಸಿದಳು. ಸೀಟು ಹಿಡಿದುಕೊಳ್ಳಿ ಅಂತ ನಾನು ಎಷ್ಟು ಅತ್ತರೂ ಹಿಡಿಯಲಿಲ್ಲ. "ನಾ ಹಿಡಕೊಂಡ್ರ ನನ್ನ ಕೈ ಕಲೀತಾವ, ನಿನ್ನ ಕಾಲು ಕಲಿಯಂಗಿಲ್ಲ" ಅಂದು ಸ್ಟೇಷನ್ ರಸ್ತೆಯ ಬೇವಿನ ಗಿಡದ ಕೆಳಗೆ ಕುಳಿತು ಅಂಗಿಗೆ ಗುಂಡಿ ಹಚ್ಚುತ್ತಿದ್ದಳು. ನಾನು ಬಿದ್ದಾಗ ತಲೆ ಎತ್ತಿ ನೋಡುತ್ತಿದ್ದಳು, ಎದ್ದಾಗ ಮತ್ತೆ ಸೂಜಿಯ ಕಡೆ ಕಣ್ಣು ಇಳಿಸುತ್ತಿದ್ದಳು. ಸೂಜಿ ದಾರ ಆಕೆಯನ್ನು ಬಿಟ್ಟು ಇರುತ್ತಿರಲಿಲ್ಲ. ಕುಪ್ಪಸದ ಎಡಭುಜಕ್ಕೆ ಸದಾ ಒಂದು ಸೂಜಿ ಚುಚ್ಚಿರುತ್ತಿತ್ತು, ಅದರ ಸುತ್ತ ಬಿಳಿ ದಾರ. ಮಾತಾಡುತ್ತಲೇ ಎದುರಿನವರ ಹರಿದ ತೋಳು, ಸಡಿಲಾದ ಗುಂಡಿ ಆಕೆಯ ಕಣ್ಣಿಗೆ ಬೀಳುತ್ತಿತ್ತು. ಒಮ್ಮೆ ಶಾಲೆ ತಪಾಸಣೆಗೆ ಬಂದ ಸಾಹೇಬರೊಬ್ಬರನ್ನು ನಮ್ಮ ಮನೆಯ ಮುಂದೆ ನಿಲ್ಲಿಸಿ, "ಸಾಹೇಬ್ರ, ಹಂಗ ಹೋಗಬ್ಯಾಡ್ರಿ, ಬಗಲಾಗ ಬಿಚ್ಚ್ಯಾದ" ಅಂದು ಅಂಗಿ ಮೈಮೇಲಿರುವಾಗಲೇ ನಾಲ್ಕು ಹೊಲಿಗೆ ಹಾಕಿ ಕಳಿಸಿದ್ದಳು.

ಕಸ್ತೂರಕ್ಕನಿಗೆ ಒಬ್ಬಳೇ ತಂಗಿ, ಸುಗಲಾ. ತಾಯಿ ಬೇಗ ತೀರಿದ್ದರಿಂದ ಅಕ್ಕನೇ ಎತ್ತಿ ಬೆಳೆಸಿದವಳು, ಮುಂದೆ ನಿಂತು ಜಹೀರಾಬಾದಿನ ಮನೆಗೆ ಮದುವೆ ಮಾಡಿ ಕೊಟ್ಟವಳು. ಆ ಸುಗಲಾ ಗಂಡುಮಗು ಹಡೆದಳೆಂದು ಸುದ್ದಿ ಬಂದ ದಿನ ಅಕ್ಕ ಓಣಿಗೆಲ್ಲ ಬೆಲ್ಲ ಹಂಚಿದಳು. ಹಳೆಯ ಸೀರೆಗಳನ್ನು ಹುಡುಕಿ ತೆಗೆದು ಮಗುವಿಗೊಂದು ಸಣ್ಣ ಕೌದಿ ಹೊಲಿಯಲು ಕೂತಳು. ಅಂಚಿಗೆ ಹಸಿರು, ನಡುವೆ ಹಳದಿ ಚೌಕ, ಚೌಕದೊಳಗೆ ಒಂದು ಗಿಳಿ. ಕೌದಿ ಮುಗಿಯುತ್ತ ಬಂದಾಗ ಜಹೀರಾಬಾದಿನ ಕಡೆಯ ಸಂಬಂಧಿಕನೊಬ್ಬ ಬಂದು ಚಹಾ ಕುಡಿದು, ತಲೆ ತಗ್ಗಿಸಿ ಹೇಳಿದ. ತೊಟ್ಟಿಲ ಕಾರ್ಯ ದಸರೆಯ ಸಮಯಕ್ಕೆ ಇಟ್ಟಿದ್ದಾರೆ. ಆದರೆ ಸುಗಲಾಳ ಅತ್ತೆ ಹೇಳಿ ಕಳಿಸಿದ್ದಾಳೆ, ಅಕ್ಕ ಆಗ ಬರುವುದು ಬೇಡ. ತಿಂಗಳು ಒಪ್ಪತ್ತು ಕಳೆದ ಮೇಲೆ ಸಾವಕಾಶ ಬಂದು ನೋಡಿಕೊಂಡು ಹೋಗಲಿ.

ಅವನು ಹೋದ ಮೇಲೆ ಕಸ್ತೂರಕ್ಕ ಸ್ವಲ್ಪ ಹೊತ್ತು ಗಿಳಿಯ ಕೊಕ್ಕಿಗೆ ಕೆಂಪು ದಾರ ಹಾಕುತ್ತ ಕುಳಿತಿದ್ದಳು. ಆಮೇಲೆ, "ಸುಮಿತ್ರಾ, ದಸರಾ ಸೂಟಿ ಯಾವತ್ತಿಂದ ನಿಮಗ?" ಅಂತ ಕೇಳಿದಳು.

"ಯಾಕ ಅಕ್ಕಾ?"

"ಸೈಕಲ್ ಮ್ಯಾಲೆ ಜಹೀರಾಬಾದಿಗಿ ಹೊಂಟೀನಿ. ನೀ ಬರ್ತೀ ಏನು?"

ನಾನು ನಕ್ಕೆ. ಚಿತ್ತಾಪುರದಲ್ಲೇ ರೈಲು ಹತ್ತಿ ವಿಕಾರಾಬಾದಿನಲ್ಲಿ ಗಾಡಿ ಬದಲಿಸಿದರೆ ಸೀದಾ ಜಹೀರಾಬಾದು. ಸೈಕಲ್ ಮೇಲಾದರೆ ಸೇಡಂ, ಸುಲೇಪೇಟ, ಚಿಂಚೋಳಿ, ಅಲ್ಲಿಂದ ಕುಂಚಾವರಂ ಗುಡ್ಡ ಹತ್ತಬೇಕು.

"ರೈಲಿಗಿ ಬಂದಾಕಿನ್ನ 'ಮುಂದಿನ ಗಾಡಿಗಿ ಹೋಗವ್ವಾ' ಅಂತ ಕಳಸೂದು ಸರಳ ಅದ" ಅಂದಳು ಕಸ್ತೂರಕ್ಕ. "ಗುಡ್ಡಾ ತುಳಕೊಂಡು ಬಾಗಲದಾಗ ಬಂದು ನಿಂತಾಕಿನ್ನ ಯಾರು ಹೊಳ್ಳಿ ಕಳಸ್ತಾರ? ಕಳಸ್ಲಿ ನೋಡೂನು."

ನಾನು ಹೂಂ ಅಂದದ್ದಕ್ಕೆ ನನ್ನದೇ ಕಾರಣ ಇತ್ತು. ರಜೆಗೆ ಊರಿಗೆ ಹೋದರೆ ನನ್ನನ್ನು ನೋಡಲಿಕ್ಕೆ ಗಂಡಿನ ಕಡೆಯವರು ಬರುವವರಿದ್ದರು. ಅವರಿಗಿಂತ ಗುಡ್ಡ ಮೇಲೆನಿಸಿತು.

ಖಾಸೀಂ ಸಾಬ ನನಗೊಂದು ಬಾಡಿಗೆ ಸೈಕಲ್ ಕೊಟ್ಟ, ಎರಡಕ್ಕೂ ಹೊಸ ಬ್ರೇಕ್ ಕಟ್ಟಿದ, ಪಂಪು ಕೊಟ್ಟ. "ಘಾಟ್ ಇಳಿಯಾಗ ಮುಂದಿನ ಬ್ರೇಕ್ ಒಂದ ಹಿಡೀಬ್ಯಾಡ್ರಿ ಬಾಯಿ, ಮುಂದಕ್ಕ ಹಾರಿ ಬೀಳ್ತೀರಿ. ಮೊದಲ ಹಿಂದಿಂದು, ಆಮ್ಯಾಲೆ ಮುಂದಿಂದು" ಅಂತ ಹತ್ತು ಸಲ ಹೇಳಿದ. ಅಕ್ಕ ಕ್ಯಾರಿಯರಿಗೆ ಕೌದಿಯ ಗಂಟು, ಕಡಕ್ ರೊಟ್ಟಿ, ಅದಕ್ಕೆ ಹಚ್ಚಿಕೊಳ್ಳಲು ಶೇಂಗಾ ಹಿಂಡಿ ಕಟ್ಟಿಕೊಂಡಳು.

ಚಿಂಚೋಳಿಯವರೆಗಿನ ದಾರಿ ಕರಿಮಣ್ಣಿನದು. ಎರಡೂ ಕಡೆ ತೊಗರಿ ಹೂವಾಡುತ್ತಿತ್ತು. ಹಿಂದಿನ ವಾರದ ಮಳೆಗೆ ನೆಲ ಇನ್ನೂ ಹಸಿ ಇದ್ದು, ಮಡ್‌ಗಾರ್ಡಿಗೆ ಮೆತ್ತಿದ ಎರೆಮಣ್ಣನ್ನು ಕಡ್ಡಿಯಿಂದ ಕೆತ್ತಿ ಕೆತ್ತಿ ತೆಗೆಯುತ್ತ ಹೋದೆವು. ಸೇಡಂನಲ್ಲಿ ಒಂದು ಮನೆ, ಸುಲೇಪೇಟದಲ್ಲಿ ಒಂದು ಮನೆ, ಚಿಂಚೋಳಿಯಲ್ಲಿ ಒಂದು ಮನೆ. ಎಲ್ಲವೂ ಅಕ್ಕನ ಹತ್ತಿರ ಹೊಲಿಗೆ ಕಲಿತು ಮದುವೆಯಾಗಿ ಹೋದ ಹುಡುಗಿಯರವು. ಅವರು ಬಾಗಿಲಿಗೆ ಬಂದು ಸೈಕಲ್ ಹಿಡಿದು ಇಳಿಸಿಕೊಳ್ಳುತ್ತಿದ್ದರು. ಎಲ್ಲಿಗೆ ಹೊರಟಿರಿ ಅಂದರೆ ಅಕ್ಕ, "ತಂಗಿ ಮಗನ ತೊಟ್ಟಲಕ್ಕ" ಅನ್ನುತ್ತಿದ್ದಳು. ಬರಬೇಡ ಅಂದಿದ್ದನ್ನು ಯಾರಿಗೂ ಹೇಳಲಿಲ್ಲ.

ಚಿಂಚೋಳಿಯಿಂದ ಬೆಳಗು ಹರಿಯುವಾಗ ಹೊರಟೆವು. ಮುಲ್ಲಾಮಾರಿ ಹೊಳೆ ದಾಟಿದ ಮೇಲೆ ಸ್ವಲ್ಪ ದೂರ ಹೊಲಗಳು, ಆಮೇಲೆ ನೆಲದ ಬಣ್ಣವೇ ಬದಲಾಯಿತು. ಹುಟ್ಟಿದಾಗಿನಿಂದ ಕರಿಮಣ್ಣು ನೋಡಿದ ನಮಗೆ ಆ ಕೆಂಪು ಹೊಸದು. ದಾರಿ ಎದ್ದಿತು. ಸಾಗವಾನಿ ಗಿಡಗಳು ರಸ್ತೆಯ ಮೇಲೆ ಬಾಗಿದ್ದವು, ಅಗಲದ ಎಲೆಗಳ ಮೇಲೆ ಮಂಜು ಇನ್ನೂ ಕೂತಿತ್ತು. ಮೊದಲ ತಿರುವಿನವರೆಗೆ ತುಳಿದೆವು, ಎರಡನೆಯದಕ್ಕೆ ನನ್ನ ಉಸಿರು ಕಿತ್ತು ಬಂತು. ಮೇಲೆ ನೋಡಿದರೆ ರಸ್ತೆ ಗಿಡಗಳ ನಡುವೆ ಇನ್ನೂ ಮೇಲೆ ಮೇಲೆ ಕಾಣುತ್ತಿತ್ತು.

"ಮ್ಯಾಲೆ ಯಾಕ ನೋಡ್ತಿ?" ಅಂದಳು ಅಕ್ಕ ಹಿಂದಿನಿಂದ. "ಇಡೀ ಕೌದಿ ನೋಡಿದ್ರ ಯಾರೂ ಸೂಜಿ ಹಿಡಿಯಂಗಿಲ್ಲ. ಈಗ ಹಾಕೂ ಹೊಲಿಗಿ ಅಷ್ಟ ನೋಡು."

ಹಾಗೆ ಹೇಳಿದವಳು ಸ್ವಲ್ಪ ಹೊತ್ತಿಗೆ, "ಸುಮಿತ್ರಾ, ಇಳೀ, ನನ್ನ ಹಿಡಿ!" ಅಂದಳು. ಅಲ್ಲಿಂದ ಏರು ಕಡಿದಾಗಿತ್ತು. ಇಬ್ಬರೂ ಸೈಕಲ್ ದಬ್ಬುತ್ತ ನಡೆದೆವು. ಸ್ವಲ್ಪ ಸಪಾಟು ಸಿಕ್ಕರೆ ಮೋರಿಯ ಕಟ್ಟೆಗೆ ಹತ್ತಿಸಿ ಆಕೆಯನ್ನು ಕೂರಿಸುತ್ತಿದ್ದೆ, ಮತ್ತೆ ಏರು ಬಂದರೆ ಓಡಿ ಹೋಗಿ ಇಳಿಸಿಕೊಳ್ಳುತ್ತಿದ್ದೆ. ಬಿಸಿಲು ಏರಿತು. ಒಂದು ಲಾರಿ ನಮ್ಮನ್ನು ದಾಟಿ ಹೋಯಿತು. ಡ್ರೈವರು ತಲೆ ಹೊರಗೆ ಹಾಕಿ, ಸೈಕಲ್ ಮೇಲಕ್ಕೆ ಹಾಕ್ರಿ, ಬಿಡ್ತೀನಿ ಅಂದ. ಅಕ್ಕ ಕೈ ಮುಗಿದು ಬೇಡ ಅಂದಳು.

ಗುಡ್ಡದ ಅರ್ಧಕ್ಕೆ ಬಂದಿರಬೇಕು. ಒಂದು ದೊಡ್ಡ ಆಲದ ಗಿಡದ ಕೆಳಗೆ ಸೈಕಲ್ ಒರಗಿಸಿ ನೀರು ಕುಡಿದೆವು. ನಾನು ಮುಖ ತೊಳೆದುಕೊಂಡು ಬಂದು ನೋಡಿದರೆ ಅಕ್ಕ ಕ್ಯಾರಿಯರಿನಿಂದ ಕೌದಿ ಬಿಚ್ಚಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಬಂದ ದಾರಿಯ ಕಡೆ ಮುಖ ಮಾಡಿದ್ದಳು.

"ವಾಪಸ್ ಹೋಗೂನು ನಡಿ" ಅಂದಳು.

ನಾನು ತಮಾಷೆ ಅಂದುಕೊಂಡೆ. "ಕಾಲು ನೋಯಾಕತ್ತಾವೇನು ಅಕ್ಕಾ?"

"ಕಾಲಿಗೇನಾಗ್ಯಾದ, ಕಾಲು ಛಲೋ ಅದಾವ." ಕೌದಿಯ ಅಂಚನ್ನು ಬೆರಳಿನಿಂದ ನೀವಿದಳು. "ಮಂದಿ ಅನ್ನೂದು ಖರೇ ಇದ್ರ?"

"ಯಾವುದು?"

"ನನ್ನ ಕಾಲಗುಣ. ಸುಗಲಾಗ ಇದಕ್ಕಿಂತ ಮೊದಲ ಎರಡು ಸಲ ಹೊಟ್ಟಿ ನಿಂತು ಹೋದವು. ಎರಡೂ ಸಲ ನಾ ಹೋಗಿ ನೋಡಿ ಬಂದ ಮ್ಯಾಲೇನ ಹೋದವು. ಇದೊಂದು ಉಳದದ. ಬಾಗಲದಾಗ ನಿಂತು ಮುದುಕಿ ಕೂಡ ಜಗಳಾಡಬೇಕಂತ ಇಲ್ಲೀತನಕ ಬಂದೆ. ಈಗ ಅನಸಾಕತ್ತದ, ಆ ಕೂಸಿಗಿ ಏನರೆ ಆತಂದ್ರ ನಾ ಯಾವ ಮಾರಿ ಇಟ್ಕೊಂಡು ಬದುಕ್ಲಿ?"

ಬಜಾರಿನ ನಡುವೆ ಬಿದ್ದರೂ ನಕ್ಕು ಎದ್ದವಳು, ಮೈದುನನಿಗೆ ಅಡ್ಡ ನಿಂತವಳು. ಆಕೆಯೊಳಗೆ ಈ ಮಾತು ಇಷ್ಟು ದಿನ ಎಲ್ಲಿತ್ತೋ. ಸೈಕಲ್ ಹತ್ತಿದ ಮೇಲೂ ಹಿಂದೆ ಕುಳಿತೇ ಬರುತ್ತಿತ್ತೇನೋ.

"ಅದೆಲ್ಲಾ ಸುಳ್ಳು ಅಕ್ಕಾ" ಅಂದೆ. ಶಾಲೆಯಲ್ಲಿ ಮಕ್ಕಳಿಗೆ ಹೇಳುವ ದನಿಯಲ್ಲೇ ಹೇಳಿದೆ. ಆ ಗಿಡದ ಕೆಳಗೆ ಅದು ತೀರ ಸಣ್ಣದಾಗಿ ಕೇಳಿಸಿತು.

"ಸುಳ್ಳು ಅಂತ ನನಗೂ ಗೊತ್ತದ. ದಿನಾ ಹೊಂಟಾಗ ಗೊತ್ತಿರ್ತದ. ಕುಂತಾಗ ಗೊತ್ತಿರಂಗಿಲ್ಲ" ಅಂದಳು.

ಇಬ್ಬರೂ ಕುಳಿತೆವು. ಅಷ್ಟರಲ್ಲಿ ಮೇಲಿನ ತಿರುವಿನಿಂದ ಒಬ್ಬ ಲಂಬಾಣಿ ಹೆಂಗಸು ಇಳಿದು ಬಂದಳು. ತಲೆಯ ಮೇಲೆ ಸೀತಾಫಲದ ಬುಟ್ಟಿ, ಬಗಲಲ್ಲಿ ವರ್ಷ ತುಂಬದ ಕೂಸು. ಚಿಂಚೋಳಿ ಬಜಾರಿಗೆ ಹೊರಟವಳು. ನೆರಳು ಕಂಡು ನಿಂತು, ಬುಟ್ಟಿ ಇಳಿಸಬೇಕಾಗಿತ್ತೇನೋ, ಕೂಸನ್ನು ಕಸ್ತೂರಕ್ಕನ ಮುಂದೆ ಚಾಚಿದಳು.

"ಬಾಯಿ, ಇದನ್ನ ಹಿಡಿ."

ಅಕ್ಕ ಕೈ ಹಿಂದೆ ತೆಗೆದಳು. "ನನ್ನ ಕೈಯಾಗ ಕೊಡಬ್ಯಾಡವ್ವಾ. ನಾ ಗಂಡ ಸತ್ತಾಕಿ ಅದೀನಿ."

ಆ ಹೆಂಗಸು ಅಕ್ಕನನ್ನು ಮೇಲೆ ಕೆಳಗೆ ನೋಡಿದಳು. ನಿಜವಾಗಿಯೂ ಅರ್ಥವಾಗದೆ ಕೇಳಿದಳು: "ಅದಕ್ಕೇನು? ಕೈ ಇಲ್ಲೇನು ನಿನಗ?"

ಕೂಸನ್ನು ತೊಡೆಯ ಮೇಲೆ ಕೂರಿಸಿಯೇಬಿಟ್ಟಳು. ನಾನು ಎದ್ದು ಬುಟ್ಟಿ ಇಳಿಸಿದೆ. ಅವಳು ಕಾಲು ಚಾಚಿ ಕುಳಿತು, ಹಣ್ಣಾದ ಸೀತಾಫಲ ಆರಿಸಿ ನಮಗೊಂದೊಂದು ಕೊಟ್ಟು ತಾನೂ ಒಂದು ಬಿಡಿಸಿಕೊಂಡಳು. ಬೀಜ ಉಗುಳುತ್ತ ತಾಂಡಾದ ಸುದ್ದಿ, ಈ ವರ್ಷದ ಹಣ್ಣಿನ ಸುದ್ದಿ, ಸೈಕಲ್ಲಿನ ಮೇಲೆ ಕೂತರೆ ಸೊಂಟ ನೋಯುವುದಿಲ್ಲವೇ ಎಂಬ ವಿಚಾರಣೆ. ಕೂಸು ಆಕೆಯ ಎಡಭುಜದ ಸೂಜಿಗೆ ಕೈ ಹಾಕಿತ್ತು. ಆಕೆ ಗಾಬರಿಯಿಂದ ಸೂಜಿ ಕಿತ್ತು ದೂರ ಹಿಡಿದಳು. ಕೂಸು ಅತ್ತ ಕಡೆ ವಾಲಿತು, ಆಕೆ ಇತ್ತ ಕಡೆ ಹಿಡಿದಳು. ಹಾಗೆ ಹಿಡಿದಾಗ ಅದರ ಅಂಗಿಯ ಬಗಲು ಬಿಚ್ಚಿದ್ದು ಕಣ್ಣಿಗೆ ಬಿತ್ತು.

ನಾನು ನೋಡುತ್ತಿದ್ದಂತೆಯೇ ಕಸ್ತೂರಕ್ಕ ಸೂಜಿಗೆ ಸುತ್ತಿದ ದಾರ ಬಿಚ್ಚಿದಳು. ಕೂಸಿನ ತೋಳು ಎತ್ತಿ ಹಿಡಿದು, ಅದು ಒದ್ದಾಡುತ್ತಿರುವಾಗಲೇ, ಬೆರಳು ಅಡ್ಡ ಇಟ್ಟುಕೊಂಡು ಸಣ್ಣ ಸಣ್ಣ ಹೊಲಿಗೆ ಹಾಕತೊಡಗಿದಳು. ದಾರವನ್ನು ಹಲ್ಲಿನಿಂದ ಕಡಿಯುವ ಹೊತ್ತಿಗೆ ಕೂಸು ಆಕೆಯ ಸೀರೆಯ ಮೇಲೆ ಉಚ್ಚೆ ಹೊಯ್ದಿತು. "ಹೊಲಿಗಿ ಕೂಲಿ ಕೊಟ್ಟಾನ ನೋಡ್ರಿ ಸಾಹೇಬ" ಅಂದಳು ಅಕ್ಕ. ಬೆಳಗಿನಿಂದ ಮೊದಲ ಸಲ ನಕ್ಕಳು.

ಲಂಬಾಣಿ ಹೆಂಗಸು ಬುಟ್ಟಿ ಹೊತ್ತು, ಕೂಸು ಎತ್ತಿಕೊಂಡು ಇಳಿದು ಹೋದಳು. ಅವಳು ಹೇಳಿದ ಮಾತಿನ ತೂಕ ಅವಳಿಗೆ ಗೊತ್ತೇ ಇರಲಿಲ್ಲ. ಅಕ್ಕ ಅವಳು ಕೆಳಗಿನ ತಿರುವಿನಲ್ಲಿ ಮರೆಯಾಗುವವರೆಗೆ ನೋಡಿದಳು. ಆಮೇಲೆ ಕೌದಿ ಮಡಿಚಿ ಕ್ಯಾರಿಯರಿಗೆ ಕಟ್ಟಿ, ಗಂಟು ಎರಡು ಸಲ ಜಗ್ಗಿ ನೋಡಿದಳು. "ಏಳು, ಹೊತ್ತಾಗ್ತದ" ಅಂದಳು. ಮುಂದಿನ ಏರಿನಲ್ಲಿ ಆಕೆ ನನಗಿಂತ ಮುಂದಿದ್ದಳು.

ಮೇಲೆ ಮುಟ್ಟಿದಾಗ ಗಾಳಿ ಬಂದು ಎದೆಗೆ ಬಡಿಯಿತು. ಕೆಳಗೆ ನಾವು ದಾಟಿ ಬಂದ ಬಯಲು ಹೊಗೆಯ ಬಣ್ಣದಲ್ಲಿ ಮಲಗಿತ್ತು. ಅದರೊಳಗೆ ಚಿತ್ತಾಪುರ ಎಲ್ಲಿ ಅಂತ ಹುಡುಕಿದೆವು, ಸಿಗಲಿಲ್ಲ. ಮುಂದೆ ಗುಡ್ಡದ ಮೇಲಿನ ಸಪಾಟು. ಏರು ಇಳಿವು ಅಲೆಯ ಹಾಗೆ ಬರುತ್ತಿದ್ದವು. ಒಂದು ಹಳ್ಳದ ಇಳಿಜಾರಿನಲ್ಲಿ ಅಕ್ಕನ ಸೈಕಲ್ಲು ಬಾಣದ ಹಾಗೆ ಹೊರಟಿತು. ಖಾಸೀಂ ಸಾಬನ ಮಾತನ್ನು ಮಂತ್ರದಂತೆ "ಹಿಂದಿಂದು, ಮುಂದಿಂದು! ಹಿಂದಿಂದು, ಮುಂದಿಂದು!" ಎಂದು ಕೂಗುತ್ತ ಇಳಿದಳು. ಕೆಳಗೆ ಹಳ್ಳದ ನೀರಿನಲ್ಲಿ ನಿಂತಿದ್ದ ಎಮ್ಮೆ ಬೆದರಿ ದಂಡೆ ಹತ್ತಿತು. ಆಕೆ ಮಾತ್ರ ನೀರಿನ ನಡುವೆ ನಿಂತ ಸೈಕಲ್ಲಿನ ಮೇಲೆ ವಾಲುತ್ತ, "ಸುಮಿತ್ರಾ, ಹಿಡೀ!" ಅಂದಳು. ನಾನು ಮುಟ್ಟುವುದರೊಳಗೆ ಮೊಣಕಾಲುದ್ದ ನೀರಿನಲ್ಲಿ ಕೂತಾಗಿತ್ತು. ಬಿದ್ದದ್ದಕ್ಕೆ ಬೇಸರವಿಲ್ಲ, ಕ್ಯಾರಿಯರಿನಿಂದ ಕಿತ್ತುಕೊಂಡ ಕೌದಿಯ ಗಂಟನ್ನು ಎರಡೂ ಕೈಯಲ್ಲಿ ತಲೆಯ ಮೇಲೆ ಎತ್ತಿ ಹಿಡಿದಿದ್ದಳು.

ಆ ರಾತ್ರಿ ಕುಂಚಾವರಂನ ಶಾಲೆಯ ಮಾಸ್ತರರ ಮನೆಯಲ್ಲಿ ಉಳಿದು, ಮರುದಿನ ಹೊತ್ತು ವಾಲುವ ಮುಂಚೆ ಜಹೀರಾಬಾದಿನ ಆ ಮನೆಯ ಮುಂದೆ ಸೈಕಲ್ ನಿಲ್ಲಿಸಿದೆವು. ಬಾಗಿಲಿಗೆ ಮಾವಿನ ತೋರಣ ಕಟ್ಟಿತ್ತು. ಬಾಗಿಲಲ್ಲಿ ನಿಂತಿದ್ದವಳೇ ಸುಗಲಾಳ ಅತ್ತೆ ಸಿದ್ದಮ್ಮ. ಎತ್ತರದ, ಒಣಗಿದ ಮೈಯ ಮುದುಕಿ. ಆಕೆಯ ಹಣೆಯೂ ಬರಿದಾಗಿತ್ತು. ಆಕೆಗೂ ಗಂಡನಿಲ್ಲ ಎಂಬುದು ನನಗೆ ತಿಳಿದದ್ದು ಆಗಲೇ.

"ಗಾಡಿಗಿ ಬಂದ್ರೇನು?" ಅಂತ ಕೇಳಿದಳು.

"ಇಲ್ಲರಿ ಅವ್ವಾರ. ಸೈಕಲ್ ಮ್ಯಾಲೆ ಬಂದೀವಿ."

"ಸ್ಟೇಷನ್ನಿಂದೇನು?"

"ಚಿತ್ತಾಪುರದಿಂದ್ರಿ."

ಮುದುಕಿ ಸೈಕಲ್ಲುಗಳನ್ನು ನೋಡಿದಳು. ಗಾಲಿಗೆ ಅಂಟಿದ ಕರಿಮಣ್ಣು, ಅದರ ಮೇಲೆ ಕೆಂಪು ಮಣ್ಣು. ನಮ್ಮ ಕಾಲು ನೋಡಿದಳು. "ಗುಡ್ಡ?"

"ಹತ್ತಿ ಬಂದೀವ್ರಿ."

"ನಾ ಹೇಳಿ ಕಳಿಸಿದ್ದು ಮುಟ್ಟಿಲ್ಲೇನು ನಿನಗ?"

"ಮುಟ್ಟ್ಯಾದರಿ."

"ಮತ್ತ?"

"ಮತ್ತ ಬಂದೀನ್ರಿ" ಅಂದಳು ಕಸ್ತೂರಕ್ಕ. ದನಿಯಲ್ಲಿ ಜಗಳವಿರಲಿಲ್ಲ.

ಸಿದ್ದಮ್ಮ ಬಹಳ ಹೊತ್ತು ಬಾಗಿಲು ಬಿಡಲಿಲ್ಲ. ಕೊನೆಗೆ ಒಳಗೆ ತಿರುಗಿ, "ಕಾಲಿಗಿ ನೀರು ತರ್ರಿ ಯಾರರೆ" ಅಂದು ಸರಿದು ನಿಂತಳು.

ಸುಗಲಾ ಬಾಣಂತಿ ಕೋಣೆಯಿಂದಲೇ ಅಕ್ಕನನ್ನು ನೋಡಿ ಅತ್ತಳು. ಅಷ್ಟೇ, ಹತ್ತಿರ ಬಂದು ಮಾತಾಡಲು ಸುತ್ತಲಿನವರು ಬಿಡಲಿಲ್ಲ. ಸಂಜೆ ಪಡಸಾಲೆಯಲ್ಲಿ ತೊಟ್ಟಿಲು ಸಿಂಗರಿಸಿದರು. ಓಣಿಯ ಮುತ್ತೈದೆಯರು ಸುತ್ತ ಕೂತು ಜೋಗುಳ ಎತ್ತಿದರು. ಕಸ್ತೂರಕ್ಕ ಕೌದಿಯನ್ನು ನನ್ನ ಕೈಯಲ್ಲಿ ಕೊಟ್ಟು ತೊಟ್ಟಿಲಿಗೆ ಹಾಸಲು ಕಳಿಸಿ, ತಾನು ಅಡುಗೆಮನೆಯ ಬಾಗಿಲ ಹಿಂದೆ ನಿಂತಳು. ನಾನು ಹಾಸಿ ತಿರುಗಿ ಬಂದಾಗ ಅದೇ ಬಾಗಿಲ ಇನ್ನೊಂದು ಮಗ್ಗುಲಲ್ಲಿ ಸಿದ್ದಮ್ಮ ನಿಂತಿದ್ದಳು. ತನ್ನದೇ ಮನೆಯಲ್ಲಿ, ಹಿಮ್ಮಡಿ ಎತ್ತಿ, ಮಂದಿಯ ತಲೆಗಳ ಮೇಲಿಂದ ಮೊಮ್ಮಗನನ್ನು ಇಣುಕಿ ನೋಡುತ್ತಿದ್ದಳು.

ಕಸ್ತೂರಕ್ಕ ಅದನ್ನು ನೋಡಿದಳು. "ಅವ್ವಾರ, ನೀವ್ಯಾಕ ಇಲ್ಲಿ ನಿಂತೀರಿ?"

"ಮತ್ತೆಲ್ಲಿ ನಿಲ್ಲಲವ್ವಾ? ಮಗನ ಲಗ್ನದಾಗೂ ಇಲ್ಲೇ ನಿಂತಿದ್ದೆ" ಅಂದಳು ಮುದುಕಿ. ದೂರಿನ ಮಾತಲ್ಲ ಅದು. ಕೇಳಿದ್ದಕ್ಕೆ ಹೇಳಿದ ಹಾಗಿತ್ತು.

ಕಸ್ತೂರಕ್ಕ ಕೈ ಚಾಚಿ ಆಕೆಯ ಕೈ ಹಿಡಿದಳು. "ನಡೀರಿ."

"ಎಲ್ಲಿಗವ್ವಾ?"

"ಮೊಮ್ಮಗನ ಕಡೆ. ನಾ ಚಿತ್ತಾಪುರದಿಂದ ಬಂದೀನಿ. ನಿಮಗ ಇಲ್ಲಿಂದ ಅಲ್ಲೀತನ ಬರ್ಲಿಕ್ಕಾಗಂಗಿಲ್ಲೇನು?"

ಮುದುಕಿ ಕೈ ಬಿಡಿಸಿಕೊಳ್ಳಲು ನೋಡಿದಳು. ಹೆಚ್ಚು ಜಗ್ಗಲಿಲ್ಲ. ಇಬ್ಬರೂ ಪಡಸಾಲೆಗೆ ಬಂದಾಗ ಜೋಗುಳ ನಿಂತಿತು. "ಸಿದ್ದಮ್ಮಾ, ಇದೇನಿದು?" ಅಂದಳು ಒಬ್ಬ ಹಿರಿಯಳು. ಅಷ್ಟರಲ್ಲಿ ಬಾಣಂತಿ ಸುಗಲಾ ಎದ್ದು, ಮುತ್ತೈದೆಯ ಮಡಿಲಿನಿಂದ ಮಗುವನ್ನು ಎತ್ತಿಕೊಂಡು, ಅತ್ತೆಯ ಕೈಯಲ್ಲಿ ಇಟ್ಟಳು. "ಅತ್ತಿ, ನೀವ ಮಲಗಸ್ರಿ ಅವನನ್ನ."

ಕಸ್ತೂರಕ್ಕ ಹಿಂದೆ ಸರಿದಿದ್ದಳು. ಸಿದ್ದಮ್ಮ ಮಗುವನ್ನು ಹಿಡಿದು ನಿಂತಳು, ತೊಟ್ಟಿಲಿಗೆ ಬಾಗಲಿಲ್ಲ. ತಿರುಗಿ ಹುಡುಕಿದಳು. "ಎಲ್ಲಿ ಹೋದಿ? ನೀನೂ ಬಾ, ಹಿಡಿ" ಅಂದಳು. ಇಬ್ಬರ ನಾಲ್ಕು ಕೈಗಳು ಸೇರಿ ಮಗುವನ್ನು ಗಿಳಿಯ ಮೇಲೆ ಮಲಗಿಸಿದವು. ನಿಂತ ಜೋಗುಳವನ್ನು ಸುಗಲಾ ತಾನೇ ಎತ್ತಿಕೊಂಡಳು. ಕೆಲವರು ಸೇರಿಕೊಂಡರು. ಒಂದಿಬ್ಬರು ಅರಿಶಿನ ಕುಂಕುಮ ತೆಗೆದುಕೊಳ್ಳದೆ ಎದ್ದು ಹೋದರು. ಸಿದ್ದಮ್ಮ ಅವರನ್ನು ಕರೆಯಲಿಲ್ಲ.

ಬರುವಾಗ ಸೈಕಲ್ಲುಗಳನ್ನು ರೈಲಿಗೆ ಹಾಕಿ ಬಂದೆವು. ಗುಡ್ಡದ ದಾರಿ ಬೇಡವೇ ಅಂದರೆ, "ಹೋಗಾಗ ಕೆಲಸ ಇತ್ತು. ಬರಾಗ ಏನದ?" ಅಂದಳು ಕಸ್ತೂರಕ್ಕ. ಕಿಟಕಿಗೆ ತಲೆ ಕೊಟ್ಟು ಸೇಡಂ ಬರುವವರೆಗೆ ಗೊರಕೆ ಹೊಡೆದಳು.

ಮುಂದೆ ನನಗೆ ಶಹಾಬಾದಿಗೆ ವರ್ಗವಾಯಿತು. ಮದುವೆಯಾಯಿತು, ಮಕ್ಕಳಾದರು. ವರ್ಷಕ್ಕೊಮ್ಮೆ ಅಕ್ಕನನ್ನು ನೋಡಲು ಬರುತ್ತಿದ್ದದ್ದು ಎರಡು ವರ್ಷಕ್ಕೊಮ್ಮೆಯಾಯಿತು, ಆಮೇಲೆ ಅದೂ ತಪ್ಪಿತು. ಕಸ್ತೂರಕ್ಕ ತೀರಿಕೊಂಡ ಸುದ್ದಿ ಎಲ್ಲ ಮುಗಿದ ಮೇಲೆ ನನಗೆ ಬಂದು ಮುಟ್ಟಿತು. ಮಣ್ಣಿಗೆ ಹೋಗಲಿಲ್ಲ ನಾನು. ನನಗೆ ಉಳಿದದ್ದು ಅದಕ್ಕೂ ಮುಂಚಿನ ಬೇಸಿಗೆಯ ಒಂದು ಮಧ್ಯಾಹ್ನ.

ಪರೀಕ್ಷೆಯ ಕೆಲಸಕ್ಕೆಂದು ಚಿತ್ತಾಪುರಕ್ಕೆ ಬಂದು ತಿರುಗಿ ಹೋಗುವಾಗ ಸ್ಟೇಷನ್ನಿನಲ್ಲಿ ಆಕೆ ಕಂಡಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಮೊಣಕಾಲಿಗೆ ಬಟ್ಟೆ ಸುತ್ತಿದ್ದಳು. ವಿಕಾರಾಬಾದಿನ ಗಾಡಿ ಕಾಯುತ್ತಿದ್ದಳು.

"ಜಹೀರಾಬಾದಿನ ಮುದುಕಿ ಕಡೆ ಹೊಂಟೀನಿ" ಅಂದಳು. "ಕಣ್ಣು ಹೋಗ್ಯಾವ ಆಕಿವು. ಸುಗಲಾ ಛಲೋ ನೋಡ್ಕೋತಾಳ, ಆದ್ರೂ ನಾ ಹೋಗಬೇಕು. ಹೋದ ಕೂಡ್ಲೆ ಹೊರಗಿನ ಸುದ್ದಿ ಹೇಳು ಅಂತಾಳ. ಯಾವ ಹೊಲ ಹ್ಯಾಂಗದ, ಯಾವ ಊರಾಗ ಏನು ನಡದದ, ಎಲ್ಲಾ ಕೇಳ್ತಾಳ. ಆಕಿಗಿ ಹೇಳ್ಲಿಕ್ಕಂತ ನಾ ಈಗೂ ಹಳ್ಳಿ ತಿರಗತೀನಿ."

ಗಾಡಿ ಬಂತು. ಡಬ್ಬಿ ಹತ್ತಿಸಿದೆ, ಗಂಟು ಒಳಗೆ ಕೊಟ್ಟೆ. ಕಿಟಕಿಯ ಬಳಿ ಕುಳಿತು ಆಕೆ ನನ್ನನ್ನು ನೋಡಿದಳು. "ಮತ್ತ ನೀ? ಆಮ್ಯಾಲೆ ಎಲ್ಲೆಲ್ಲಿ ಹೋದಿ?"

ನಾನು ಹೇಳಿದೆ. ಶಹಾಬಾದಿನ ಶಾಲೆ, ಅಲ್ಲಿಂದ ವಾಡಿಗೆ ಒಂದು ವರ್ಷ, ಮತ್ತೆ ಶಹಾಬಾದು, ಸ್ವಂತ ಮನೆ, ಮಗನ ಕಾಲೇಜು, ಮಗಳ ಮದುವೆಯ ಮಾತು. ಆಕೆ ಸಮಾಧಾನವಾಗಿ ಎಲ್ಲ ಕೇಳಿಸಿಕೊಂಡಳು.

ಗಾಡಿ ಅಲುಗಿತು.

"ಅದಲ್ಲ ನಾ ಕೇಳಿದ್ದು" ಅಂದಳು ಕಸ್ತೂರಕ್ಕ.

ನಾನು ಗಾಡಿಯ ಜೊತೆ ನಾಲ್ಕು ಹೆಜ್ಜೆ ನಡೆದೆ. ಆ ಗುಡ್ಡ ಹತ್ತಿದ ಹಾಗೆ ಆಮೇಲೆ ನಾನು ಎಲ್ಲಿಗೂ ಹೋಗಿರಲಿಲ್ಲ. ಗಾಡಿ ಪ್ಲಾಟ್‌ಫಾರಂ ದಾಟಿ ಹೋಯಿತು. ವಾಡಿಯ ಕಡೆ ಹೋಗುವ ನನ್ನ ಗಾಡಿಗೆ ಇನ್ನೂ ಹೊತ್ತಿತ್ತು. ಬೆಂಚಿನ ಮೇಲೆ ಬಂದು ಕುಳಿತೆ.